ಠಾಣೆಯಿಂದ ಪಂಚಮಿಗೆ ಕರೆಯಲು ಬಂದವಳು

ಗೋಕಾಕದಲ್ಲಿ ನಮ್ಮ ಕಿರಾಣಿ ಅಂಗಡಿ ಇರುವುದು ಒಂದು ಪೊಲೀಸ್ ಠಾಣೆಯ ಎದುರಿಗೆ. ಯಾವ ಠಾಣೆ ಎಂದು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ನನ್ನ ಗಂಡ ಶ್ರೇಣಿಕ ಮುಂಜಾನೆ ಬಸದಿಗೆ ಹೋಗಿ ಬಂದು ಅಂಗಡಿಯ ಬಾಗಿಲು ತೆಗೆದರೆ ಮುಗಿಯಿತು, ಮುಂದಿನ ಕಾರಭಾರವೆಲ್ಲ ನನ್ನದು. ಸರಿತಾಳ ಬಾಯಿ ಜೋರು ಎಂದು ಓಣಿಯವರು ಅನ್ನುತ್ತಾರೆ. ಖರೆ. ಬಾಯಿ ಸತ್ತವರು ಅಂಗಡಿ ಇಡಬಾರದು. ಆದರೆ ಈ ಬಾಯಿ ಒಬ್ಬಳ ಮುಂದೆ ಮಾತ್ರ ತಾನಾಗಿ ಮುಚ್ಚುತ್ತದೆ. ಅವಳು ಬಾಳವ್ವ, ಎದುರಿನ ಠಾಣೆಯ ಮಹಿಳಾ ಪೊಲೀಸ್.

ನೋಡಿದರೆ ಯಾರೂ ಅವಳನ್ನು ಪೊಲೀಸ್ ಎನ್ನುತ್ತಿರಲಿಲ್ಲ. ಹುಕ್ಕೇರಿ ಕಡೆಯ ಹಳ್ಳಿಯವಳು, ದಪ್ಪ ಮೈ, ನಿಧಾನದ ನಡಿಗೆ. ಗಂಡ ಯಲ್ಲಾರಿ ಟೆಂಪೊ ಹೊಡೆಯುತ್ತಿದ್ದ. ತೊಂಬತ್ತೆಂಟರ ಸುಮಾರಿಗೆ ಆ ಠಾಣೆಯಲ್ಲಿ ಇದ್ದ ಹೆಣ್ಣುಮಗಳು ಅವಳೊಬ್ಬಳೇ. ಹೆಣ್ಣು ಆರೋಪಿ ಬಂದರೆ ಕಾಯುವುದು, ಜನ ಸೇರಿದಲ್ಲಿ ಹೆಂಗಸರ ಸಾಲು ನಿಲ್ಲಿಸುವುದು, ಉಳಿದ ಹೊತ್ತಿಗೆ ಸಾಹೇಬರಿಗೆ ಚಹಾ ಹೇಳುವುದು ಅವಳ ಕೆಲಸ. ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಬಂದು ಕೂತಳೆಂದರೆ ಏಳುವುದೇ ಇಲ್ಲ. ಠಾಣೆಯವರೆಲ್ಲರಂತೆ ಅವಳೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದಳು. ನಾನು ಕಾಡುತ್ತಿದ್ದೆ: “ಬಾಳವ್ವ, ಕಳ್ಳ ಓಡಿದರ ನೀ ಹೆಂಗ ಹಿಡೀತಿ?”

“ಓಡ್ಲಿ ಬಿಡ್ರಿ ವೈನಿ. ಹಸಿವಾದ ಮ್ಯಾಲ ಮನೀಗೆ ಬರ್ತಾನಲ್ಲ, ಅಲ್ಲೇ ಕುಂತಿರ್ತೇನಿ” ಎನ್ನುತ್ತಿದ್ದಳು.

ನಾನು ನಕ್ಕುಬಿಡುತ್ತಿದ್ದೆ. ಅವಳು ತಮಾಷೆ ಮಾಡುವವಳಲ್ಲ ಎಂದು ನನಗೆ ಗೊತ್ತಾಗಲು ಒಂದು ಪಂಚಮಿ ಬೇಕಾಯಿತು.

ಆ ದಿನಗಳಲ್ಲಿ ಗಂಡನ ಮನೆಯಲ್ಲಿ ಹೊಡೆತ ತಿಂದ ಹೆಣ್ಣು ಠಾಣೆಗೆ ಬಂದರೆ ಆಗುತ್ತಿದ್ದುದು ಒಂದೇ, ರಾಜಿ. ಸಾಹೇಬರು ಎರಡೂ ಕಡೆಯ ಹಿರಿಯರನ್ನು ಕರೆಸುತ್ತಿದ್ದರು. ಗಂಡಸರೆಲ್ಲ ಬೆಂಚಿನ ಮೇಲೆ ಕೂಡುವರು, ಹೊಡೆತ ತಿಂದವಳು ಸೆರಗು ಹೊದ್ದು ಮೂಲೆಯಲ್ಲಿ ನಿಲ್ಲುವಳು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಒಬ್ಬ ಹಿರಿಯ ಹೇಳಲೇಬೇಕು, ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಕಡೆಗೆ ಗಂಡಿನ ಕಡೆಯವರು ತೆಂಗಿನಕಾಯಿ ಮುಟ್ಟಿ ಆಣೆ ಮಾಡುವರು, ಹೆಣ್ಣಿಗೆ ಅಲ್ಲೇ ಉಡಿ ತುಂಬಿ ಕಳಿಸುವರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಬಸದ ಖಣದ ಬಟ್ಟೆ ಎಲ್ಲ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ತವರಿನವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವ ಶಾಸ್ತ್ರ ಅದು. ತುಂಬಿದ ಉಡಿಯನ್ನು ಬೇಡ ಎನ್ನುವ ಹೆಣ್ಣು ನಮ್ಮ ಕಡೆ ಇನ್ನೂ ಹುಟ್ಟಿಲ್ಲ, ಆ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಚನ್ನವ್ವ ಬಂದಳು. ನಾಗನೂರಿನ ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ಒಂದು ತೋಟದ ವಸತಿ, ನಾಲ್ಕಾರು ಮನೆ. ಅಲ್ಲಿಯ ಸೊಸೆ. ಮುಂಜಾನೆಯ ಬಸ್ಸಿಗೆ ಬಂದು ಬರಿಗಾಲಲ್ಲಿ ನನ್ನ ಅಂಗಡಿಯ ಮುಂದೆ ನಿಂತು ನೀರು ಕೇಳಿದಳು. ತುಟಿ ಒಡೆದು ಬಾತಿತ್ತು. ನೀರು ಕುಡಿಯಲು ಸಹ ಬರುತ್ತಿರಲಿಲ್ಲ ಪಾಪ. ಬಾಳವ್ವ ಎದ್ದು ಬಂದು ಅವಳ ಕೈ ಹಿಡಿದಳು.

“ಹೊಡಿತಾರ್ರಿ” ಎಂದಳು ಚನ್ನವ್ವ. ಆಮೇಲೆ, ಬಹಳ ಸಣ್ಣ ದನಿಯಲ್ಲಿ, “ಒಲ್ಲೆ ಅಂದ್ರೂ ಬಿಡೂದಿಲ್ರಿ” ಎಂದಳು.

ಬಾಳವ್ವ ಒಳಗೆ ಕರೆದುಕೊಂಡು ಹೋದಳು. ಠಾಣೆಯ ಅಧಿಕಾರಿ ಸೋಮಶೇಖರ ಸಾಹೇಬರು ಎಂದಿನಂತೆ ಹಿರಿಯರಿಗೆ ಹೇಳಿ ಕಳಿಸಿದರು. ಈ ಸಾಹೇಬರು ಕೆಟ್ಟ ಮನುಷ್ಯರಲ್ಲ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಒಂದು ರೂಪಾಯಿ ಮುಟ್ಟಿದವರಲ್ಲ. ಸಂಸಾರ ಒಡೆಯಬಾರದು ಎಂಬುದು ಅವರ ನಂಬಿಕೆ. ಲಂಚ ತಿನ್ನುವವನ ಮೇಲೆ ಹರಿಹಾಯಬಹುದು, ನಂಬಿಕೆ ಇಟ್ಟುಕೊಂಡವನನ್ನು ಏನು ಮಾಡುತ್ತೀರಿ?

ಮಧ್ಯಾಹ್ನಕ್ಕೆ ಎಲ್ಲರೂ ಬಂದರು. ಚನ್ನವ್ವನ ತಂದೆತಾಯಿ ಸತ್ತಿದ್ದರು, ಇದ್ದವನು ಅಣ್ಣ ಒಬ್ಬ. ಗಂಡ ಪರಪ್ಪ ನೆಲ ನೋಡುತ್ತ ನಿಂತಿದ್ದ. ಮಾವ ಲಗಮಣ್ಣ ಮಾತ್ರ ಎತ್ತರದ ಆಳು, ಬಿಳಿ ರುಮಾಲು, ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಜಗಳಕ್ಕೂ ನ್ಯಾಯ ಹೇಳಲು ಕರೆಯುತ್ತಿದ್ದುದು ಇವನನ್ನೇ. ನಾನು ಉಡಿಯ ಸಾಮಾನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

“ಹುಡುಗ ಸಿಟ್ಟಿನಾವ ಅದಾನ್ರಿ ಸಾಹೇಬ್ರ” ಎಂದ ಲಗಮಣ್ಣ. “ಇನ್ನ ಮ್ಯಾಲ ಜವಾಬ್ದಾರಿ ನಂದು. ಅತ್ತಿ ಇಲ್ಲದ ಮನಿ ಐತಿ, ನನ್ನ ಮಗಳ ಹಂಗ ನೋಡ್ಕೊಂತೇನಿ.”

ಕಾಯಿ ಮುಟ್ಟಿದ. ಅಣ್ಣನನ್ನು ಸಾಹೇಬರು ಕೇಳಿದರು. ಅವನು, “ಕೊಟ್ಟ ಹೆಣ್ಣು ಕುಲಕ್ಕ ಹೊರಗ್ರಿ. ಹಿರೇರು ಹೇಳಿದಂಗ” ಎಂದು ಕೈ ತೊಳೆದುಕೊಂಡ. ಹಿರಿಯರನ್ನು ಕೇಳಿದರು, ಅವರೂ ತಲೆಯಾಡಿಸಿದರು. ಇನ್ನು ಉಡಿ ತುಂಬಬೇಕು. ತವರಿನ ಹೆಂಗಸು ಒಬ್ಬಳೂ ಬಂದಿರಲಿಲ್ಲ. ಮುತ್ತೈದೆ ಯಾರು ಎಂದು ಹಿರಿಯರು ಅತ್ತಿತ್ತ ನೋಡಿದರು. ಸಾಹೇಬರಿಗೆ ಇನ್ನೊಂದು ಕೆಲಸಕ್ಕೆ ಹೊತ್ತಾಗುತ್ತಿತ್ತು. “ಬಾಳವ್ವ, ನೀನ ತುಂಬು. ಲಗೂನ ಮುಗಸು” ಎಂದರು.

ಖಾಕಿ ಉಟ್ಟವಳು ಉಡಿ ತುಂಬಿದ್ದನ್ನು ನಾನು ಅಂದೇ ನೋಡಿದ್ದು. ಚನ್ನವ್ವ ಒಡ್ಡಿದ ಸೆರಗು ನಡುಗಿ ಅಕ್ಕಿಯ ಕಾಳು ನೆಲಕ್ಕೆ ಉದುರುತ್ತಿತ್ತು. ಬಾಳವ್ವ ಬಗ್ಗಿ ಅವನ್ನೂ ಆರಿಸಿ ಹಾಕಿ, ಗಂಟು ಕಟ್ಟಿ, ಅವಳ ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ ಹಿರಿಯರ ಕಡೆ ತಿರುಗಿದಳು.

“ಒಂದ ಮಾತ್ರಿ. ಉಡಿ ತುಂಬಿದಾಕಿ ನಾನು. ಇನ್ನ ಈಕಿಗೆ ನಾನ ತವರು. ಹೌದಲ್ರಿ?”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಲಗಮಣ್ಣ. “ಹೌದವಾ ಹೌದು. ಪಂಚಮಿಗೆ ಉಂಡಿ ಕಟ್ಟಿಕೊಂಡ ಬಾ, ಕರ್ಕೊಂಡ ಹೋಗುವಂತಿ” ಎಂದ.

“ಬರ್ತೇನ್ರಿ” ಎಂದಳು ಬಾಳವ್ವ.

ನಾನೂ ನಗೆಯ ಮಾತೆಂದೇ ತಿಳಿದೆ. ಚನ್ನವ್ವನನ್ನು ಟೆಂಪೊ ಹತ್ತಿಸಿದರು. ಅವಳು ಹೋದ ಮೇಲೆ ಬಾಳವ್ವ ನಮ್ಮ ಕಟ್ಟೆಗೆ ಬಂದು ಕೂತು ಒಂದೇ ಮಾತು ಹೇಳಿದಳು: “ನನ್ನ ಮಗಳ ಹಂಗ ಅಂತ ಅವ ಅಂದಾಗ ಆಕಿ ಹಿಂದ ಸರದು ಗ್ವಾಡಿಗೆ ಹತ್ತಿದ್ಲು. ಗಂಡ ಮಗ್ಗಲಕ್ಕ ಬಂದ್ರೂ ಸರದಿದ್ದಿಲ್ಲ.” ನಾನೂ ಅಲ್ಲೇ ನಿಂತಿದ್ದೆನಲ್ಲ, ನನ್ನ ಈ ಎರಡು ಕಣ್ಣು ಯಾವ ಊರಿಗೆ ಹೋಗಿದ್ದವೋ.

ಆ ಮನೆಗೆ ಒಮ್ಮೆ ಹೋಗಿ ನೋಡಿ ಬರುತ್ತೇನೆಂದು ಅವಳು ಸಾಹೇಬರನ್ನು ಕೇಳಿದಳು. ಮತ್ತೆ ಕೇಳಿದಳು. “ರಾಜಿ ಆಗೈತಿ. ಮುಗದದ್ದನ್ನ ಯಾಕ ಕೆದಕ್ತಿ?” ಎಂದು ಅವರು ಬೇರೆ ಕೆಲಸ ಹಚ್ಚಿದರು. ಬಾಳವ್ವ ಸುಮ್ಮನಾದಳು. ಮರೆತಳೆಂದು ನಾನು ತಿಳಿದೆ. ಶ್ರಾವಣ ಬಂತು, ತವರಿನವರು ಉಂಡಿ ಹಿಡಿದು ಹೋಗಿ ಮಗಳನ್ನು ಕರೆತರುವ ನಾಗರ ಪಂಚಮಿ ಹತ್ತಿರವಾಯಿತು. ಹಬ್ಬಕ್ಕೆ ಮುಂಚೆ ಅವಳು ನನ್ನ ಅಂಗಡಿಗೆ ಬಂದು ಶೇಂಗಾ, ಎಳ್ಳು, ಬೆಲ್ಲ ಕಟ್ಟಿಸಿಕೊಂಡಳು.

“ವೈನಿ, ನನ್ನ ಕೂಡ ಬರ್ರಿ. ಮಗಳನ್ನ ಕರ್ಯಾಕ ಒಬ್ಬಾಕಿನ ಹೋಗೂದು ಚಂದ ಅಲ್ಲ.”

ನಮ್ಮ ಮನೆಯವರು ಒಳಗಿಂದಲೇ ಅಂದರು: “ಈಕೀನ್ನ ಕರ್ಕೊಂಡ ಹೋಗು ಬಾಳವ್ವ. ಈಕಿ ಬಾಯಿಗೆ ಅಂಜಿ ಅವರ ಮನಿ ಮಂದೀನ ಊರ ಬಿಟ್ಟ ಹೋಗ್ತಾರ.”

ಪಂಚಮಿಯ ದಿನ ರಜೆ ಹಾಕಿ, ಇಳಕಲ್ ಸೀರೆ ಉಟ್ಟು, ಉಂಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಖಾಕಿ ಹಾಕಿಕೊಂಡು ಬಂದಿದ್ದರೆ ಅವರು ಅಂಜುತ್ತಿದ್ದರಲ್ಲ ಎಂದೆ.

“ಪೊಲೀಸ್ ಬಂದ್ರ ಬಾಗಲಾ ಹಾಕ್ಕೊಂತಾರ್ರಿ. ತವರಿನವರು ಬಂದ್ರ ಹಾಕ್ಕೊಳ್ಳಾಕ ಬರೂದಿಲ್ಲ” ಎಂದಳು.

ವಸತಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳು ಜೀಕುತ್ತಿದ್ದರು. ಲಗಮಣ್ಣ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಮ್ಮನ್ನು ನೋಡಿ ಮೊದಲು ಗುರುತು ಸಿಗಲಿಲ್ಲ, ಸಿಕ್ಕ ಮೇಲೆ ಮುಖದ ಕಳೆಯೇ ಬೇರೆಯಾಯಿತು.

“ಏನವಾ, ಖರೇನ ಬಂದ್ಯಾ?”

“ನೀವ ಹೇಳಿದ್ರಲ್ರಿ, ಹತ್ತ ಮಂದಿ ಮುಂದ.”

“ಆಕಿ ಹೊಲಕ್ಕ ಹೋಗ್ಯಾಳ. ಕೆಲಸ ಬಾಳ ಐತಿ. ಮುಂದಿನ ವರ್ಷ ನೋಡೂಣು.”

“ಪಂಚಮಿ ದಿನ ಹೊಲಕ್ಕ ಯಾರ ಹೋಗ್ತಾರ್ರಿ? ಇವತ್ತ ನೆಲಾ ಕೆದರಬಾರದಲ್ರಿ” ಎಂದಳು ಬಾಳವ್ವ. ದನಿ ಏರಿಸಲಿಲ್ಲ. ಆದರೆ ಜೋಕಾಲಿಯ ಹೆಂಗಸರು ಇತ್ತ ತಿರುಗಿ ನೋಡಿದರು.

ಲಗಮಣ್ಣ ಮಾತು ಬದಲಿಸಿದ. ಸೊಸೆಗೆ ಮೈಯಲ್ಲಿ ಸರಿಯಿಲ್ಲ, ಮಲಗಿದ್ದಾಳೆ ಎಂದ. ಒಳಗಿಂದ ಪರಪ್ಪ ತಂಬಿಗೆಯಲ್ಲಿ ನೀರು ತಂದಿಟ್ಟ. ಬಾಳವ್ವ ಮುಟ್ಟಲಿಲ್ಲ. “ಮಗಳ ಮಾರಿ ನೋಡೂತನಕ ನೀರು ಬ್ಯಾಡ್ರಿ” ಎಂದು ಕಟ್ಟೆಯ ತುದಿಗೆ ಕೂತುಬಿಟ್ಟಳು. ನಾನೂ ಕೂತೆ. ನನ್ನ ನಾಲಿಗೆ ತುರಿಸುತ್ತಿತ್ತು, ಲಗಮಣ್ಣನ ರುಮಾಲು ಹಾರುವಷ್ಟು ಬೈಗುಳ ಬಾಯಿಯ ತನಕ ಬಂದಿದ್ದವು. ಬಾಳವ್ವ ನನ್ನ ಮೊಣಕಾಲು ಒತ್ತಿ ಹಿಡಿದಳು.

ಹಬ್ಬದ ದಿನ ಮಗಳನ್ನು ಕರೆಯಲು ಬಂದ ತವರಿನವರು ಒಣಬಾಯಲ್ಲಿ ಕಟ್ಟೆಯ ಮೇಲೆ ಕೂತರೆ ಆ ಮನೆಗಲ್ಲ, ಇಡೀ ವಸತಿಗೆ ಅವಮಾನ. ಬಾಳವ್ವ ಅಷ್ಟಕ್ಕೆ ಬಿಡಲಿಲ್ಲ. ಬುಟ್ಟಿ ಬಿಚ್ಚಿದಳು. ಜೋಕಾಲಿಯಿಂದ ಇಳಿದು ಬಂದವರಿಗೆಲ್ಲ, “ಚನ್ನವ್ವನ ತವರಿನ ಉಂಡಿ, ತಿನ್ರವಾ” ಎಂದು ಕೈಗೆ ಒಂದೊಂದು ಕೊಟ್ಟಳು. ಉಂಡಿ ತಿಂದವರು ಕೇಳದೆ ಇರುತ್ತಾರೆಯೇ? ಚನ್ನವ್ವ ಎಲ್ಲಿ, ಮುಂಜಾನೆಯಿಂದ ಕಂಡೇ ಇಲ್ಲವಲ್ಲ ಎಂದು ಒಬ್ಬಳು. ನಿನ್ನೆಯೂ ಹೊರಗೆ ಬಂದಿಲ್ಲ ಎಂದು ಇನ್ನೊಬ್ಬಳು. ಹೊತ್ತು ಏರಿತು, ಹೊತ್ತು ಇಳಿಯಿತು. ಅಂಗಳದ ತುಂಬ ಹೆಂಗಸರು. ಕಡೆಗೆ ಬೊಚ್ಚುಬಾಯಿಯ ಮುದುಕಿಯೊಬ್ಬಳು ಕಟ್ಟೆಯ ಹತ್ತಿರ ಬಂದು ಕೋಲು ಊರಿ ನಿಂತಳು.

“ಲಗಮಣ್ಣ, ಊರಿಗೆಲ್ಲ ನ್ಯಾಯ ಹೇಳಾಂವ ನೀ. ತವರಿನವರನ್ನ ಹಿಂಗ ಕುಂದ್ರಸಬಾರದೋ. ಹುಡಿಗೀನ್ನ ಕಳಸು.”

ಲಗಮಣ್ಣ ಬಾಯಿ ತೆರೆಯುವ ಮೊದಲೇ ಒಳಗಿನ ಕೋಣೆಯ ಚಿಲಕ ತೆಗೆದ ಸಪ್ಪಳವಾಯಿತು. ತೆಗೆದವನು ಪರಪ್ಪ. ಚನ್ನವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬೇಸಿಗೆಯಲ್ಲಿ ಕಂಡಿದ್ದರ ಅರ್ಧ ಆಗಿದ್ದಳು. ಬಾಳವ್ವನನ್ನು ನೋಡಿ, “ಖರೇನ ಬಂದ್ರೇನ್ರಿ” ಎಂದಳು. ಆ ಮಾತು ಇವತ್ತಿಗೂ ನೆನಪಾದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆ.

“ಮೂರ ದಿನಕ್ಕ ಕಳಸಬೇಕು” ಎಂದ ಲಗಮಣ್ಣ.

“ತವರಿಗೆ ಬಂದ ಮಗಳು ತಾನಾಗಿ ಹೋಗ್ತೇನಿ ಅಂದಾಗ ಕಳಸ್ತೀವ್ರಿ” ಎಂದು ಬಾಳವ್ವ ಆಗ ತಂಬಿಗೆ ಎತ್ತಿ ನೀರು ಕುಡಿದಳು.

ಬಸ್ಸಿನಲ್ಲಿ ಚನ್ನವ್ವನನ್ನು ನಮ್ಮಿಬ್ಬರ ನಡುವೆ ಕೂಡಿಸಿಕೊಂಡೆವು. ಬಸ್ಸು ಗೋಕಾಕ ಮುಟ್ಟುವ ಮೊದಲೇ ಅವಳು ಬಾಳವ್ವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಪೊಲೀಸ್ ಕ್ವಾರ್ಟರ್ಸಿನ ಆ ಸಣ್ಣ ಮನೆಯಲ್ಲಿ ಯಲ್ಲಾರಿ ತನ್ನ ಹಾಸಿಗೆ ಸುತ್ತಿಕೊಂಡು ಟೆಂಪೊದಲ್ಲಿ ಮಲಗಲು ಹೋದ. ಮರುದಿನ ನಾನು ಹೋಗಿ ನೋಡಿದರೆ ಬಾಳವ್ವ ಇನ್ನೂ ಒಂದು ಮಾತೂ ಕೇಳಿರಲಿಲ್ಲ. ನನಗೆ ತಡೆಯಲಿಲ್ಲ. “ಕೇಳ, ಬರಕೋ, ಸಾಹೇಬ್ರ ಮುಂದ ಒಗಿ. ಏನ ದಾರಿ ಕಾಯ್ತಿ?” ಎಂದು ಸಿಟ್ಟು ಮಾಡಿದೆ.

“ಮೊದಲ ಎಣ್ಣಿ ಹಚ್ಚಿ ಎರೀಬೇಕ್ರಿ ವೈನಿ. ತವರಿಗೆ ಬಂದಾಳ. ಮಾತು ಎಲ್ಲಿ ಓಡಿ ಹೋಗ್ತಾವು?”

ಬಚ್ಚಲಲ್ಲಿ ಮಣೆ ಹಾಕಿ ಅವಳನ್ನು ಕೂಡಿಸಿದಳು. ನಾನು ಹಂಡೆಯ ಹತ್ತಿರ ನಿಂತಿದ್ದೆ. ಬೆನ್ನಿನ ಮೇಲೆ ಹಳೆಯ ಬರೆ, ಹೊಸ ಬರೆ. ಬಾಳವ್ವ ತಲೆಗೆ ಎಣ್ಣೆ ಒತ್ತತೊಡಗಿದಳು. ನಮಗೆ ಬೆನ್ನು ಮಾಡಿ ಕೂತಿದ್ದಕ್ಕೋ ಏನೋ, ಚನ್ನವ್ವ ತಾನಾಗಿಯೇ ಹೇಳತೊಡಗಿದಳು. ಹೊಡೆಯುವವನು ಗಂಡ. ಆದರೆ ಹೊಡೆತ ಶುರುವಾದದ್ದು ಅವಳು ಗಂಡನ ಮುಂದೆ ಮಾವನ ಹೆಸರು ಹೇಳಿದ ದಿನ. ಮಾವ ಬಲಾತ್ಕಾರ ಮಾಡುತ್ತಾನೆ, ಒಂದು ಸಲವಲ್ಲ, ಮದುವೆಯಾದ ವರ್ಷದಿಂದ. ಅಪ್ಪನ ಮೇಲೆ ಅಪವಾದ ಹಾಕುತ್ತೀಯಾ ಎಂದು ಗಂಡ ಬಡಿಯುತ್ತಾನೆ. ರಾಜಿಯಾಗಿ ಮನೆಗೆ ಮರಳಿದ ದಿನ ಮಾವ ನಗುತ್ತ, ಇನ್ನು ಪೊಲೀಸರೇ ನಿನ್ನನ್ನು ನನ್ನ ಕೈಗೆ ಕೊಟ್ಟಿದ್ದಾರೆ ಎಂದನಂತೆ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬಾಳವ್ವನ ಕೈ ಮಾತ್ರ ನಿಲ್ಲಲಿಲ್ಲ, ಒಂದೇ ಸಮ ತಲೆ ಒತ್ತುತ್ತಲೇ ಇತ್ತು. ಯಪ್ಪಾ, ಇದೆಂಥ ಹೆಣ್ಣು ಎನಿಸಿತು ನನಗೆ. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಇದನ್ನ ಬರಸೂಣೇನವಾ? ನೀ ಬ್ಯಾಡಂದ್ರ ಬ್ಯಾಡ. ಇಲ್ಲೇ ಇರು, ನಿನಗ ಯಾರೂ ಹೋಗಂತ ಅನ್ನೂದಿಲ್ಲ.”

ಚನ್ನವ್ವ ಎಣ್ಣೆಗೂದಲನ್ನು ಹಿಂದಕ್ಕೆ ಸರಿಸಿ ನಮ್ಮ ಕಡೆ ತಿರುಗಿದಳು. ಹಂಡೆಯ ನೀರು ಮರಳುತ್ತಿತ್ತು. “ಬರಸೂಣ್ರಿ” ಎಂದಳು.

ಅವಳನ್ನು ಬಾಳವ್ವ ಠಾಣೆಗೆ ಕರೆದೊಯ್ಯಲಿಲ್ಲ. ಸಾಹೇಬರನ್ನೇ ಮನೆಗೆ ಕರೆದಳು. ಮೇಜಿಲ್ಲ, ಕುರ್ಚಿಯಿಲ್ಲ, ಚಾಪೆಯ ಮೇಲೆ ಕೂತರು ಸೋಮಶೇಖರ ಸಾಹೇಬರು. ತಾವೇ ಪೆನ್ನು ಹಿಡಿದು ಬರೆದುಕೊಂಡರು. ಬಾಳವ್ವ ಚನ್ನವ್ವನ ಮಗ್ಗುಲಿಗೆ ಕೂತಿದ್ದಳು. ಬರೆಯುತ್ತ ಬರೆಯುತ್ತ ಸಾಹೇಬರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಎದ್ದು ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ, ಬಾಗಿಲಲ್ಲಿ ನಿಂತಿದ್ದ ನನಗೆ, “ನಾನ ಕೊಟ್ಟ ಕಳಿಸಿದ್ನಲ್ಲ ವೈನಿ” ಎಂದರು. ಅಂದು ಸಂಜೆಯೇ ಲಗಮಣ್ಣನನ್ನು ಹಿಡಿದು ತಂದರು, ಮರುದಿನ ಪರಪ್ಪನನ್ನೂ. ಅದೇ ಹಿರಿಯರು ಮತ್ತೆ ರಾಜಿಗೆಂದು ಬಂದರು. ಸಾಹೇಬರು ಅವರಿಗೆ ಬೆಂಚು ತೋರಿಸಲಿಲ್ಲ, ಬಾಗಿಲು ತೋರಿಸಿದರು. ಮೇಲಿನವರಿಗೆ ಅರ್ಜಿ ಹೋಯಿತು, ಪೊಲೀಸಳು ಸೊಸೆಯನ್ನು ಹಾರಿಸಿಕೊಂಡು ಹೋದಳು ಎಂದು. ಬಾಳವ್ವನಿಗೆ ಕಾರಣ ಕೇಳಿ ಮೆಮೊ ಬಂತು. ಅವಳು ಅದನ್ನು ನನಗೆ ಓದಿ ತೋರಿಸಿ, ಚಹಾ ಕುಡಿದು ಹೋದಳು.

ಕೇಸು ಕೋರ್ಟಿನಲ್ಲಿ ಎಳೆಯಿತು. ಚನ್ನವ್ವ ನಮ್ಮ ಓಣಿಯಲ್ಲೇ ಹೊಲಿಗೆ ಕಲಿತು ಒಂದು ಖೋಲಿ ಹಿಡಿದಳು. ಲಗಮಣ್ಣನಿಗೂ ಮಗನಿಗೂ ಶಿಕ್ಷೆಯಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆಗುತ್ತದೋ ಇಲ್ಲವೋ ಎನ್ನುವ ದಿನ ಒಂದಿತ್ತು. ಅವರ ವಕೀಲರ ವಾದವೆಲ್ಲ ಒಂದೇ ಗಂಟಿನ ಮೇಲೆ ನಿಂತಿತ್ತು: ಮಾವ ಹಾಗೆ ಮಾಡಿದ್ದು ನಿಜವಾದರೆ ರಾಜಿಯ ದಿನ ಠಾಣೆಯಲ್ಲಿ ಯಾಕೆ ಹೇಳಲಿಲ್ಲ? ಅಂದು ಅಷ್ಟು ಮಂದಿಯ ಮುಂದೆ ಸುಮ್ಮನಿದ್ದವಳಿಗೆ, ಹಬ್ಬದ ನೆಪದಲ್ಲಿ ಕರೆದೊಯ್ದು ಈ ಪೊಲೀಸಳು ಕಲಿಸಿಕೊಟ್ಟಿದ್ದಾಳೆ. ಕೇಳಿದವರಿಗೆ ಹೌದು ಎನ್ನಿಸುವ ಮಾತೇ. ಇಂಥ ಕೇಸಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆ ದಿನ ಸಾಕ್ಷಿ ಹೇಳಬೇಕಾದವರು ಸೋಮಶೇಖರ ಸಾಹೇಬರು. ಆಗಲೇ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು, ಬಡ್ತಿಯ ಹೊತ್ತು ಬೇರೆ. ನಾನು ಅಂಗಡಿಯಲ್ಲಿ ಕೂತು ಹರಕೆ ಹೊರುತ್ತಿದ್ದೆ.

ಮಧ್ಯಾಹ್ನ ಸಾಹೇಬರು ಕೋರ್ಟಿನಿಂದ ನೇರವಾಗಿ ಅಂಗಡಿಗೆ ಬಂದರು. ನೀರು ಕೊಟ್ಟೆ. ಕುಡಿದು, ಕಟ್ಟೆಯ ಮೇಲೆ ಕೂತರು.

“ಅವರ ವಕೀಲ್ರು ನನಗ ದಾರಿ ಮಾಡಿ ಕೊಟ್ಟಿದ್ರು ವೈನಿ. ‘ನೀವು ಆಕೀನ್ನ ಕೇಳಿದ್ರಿ, ಆಕಿ ಹೇಳ್ಲಿಲ್ಲ, ಅಷ್ಟ ಅಲ್ಲೇನ್ರಿ?’ ಅಂದ್ರು. ಹೂಂ ಅಂದಿದ್ರ ನನ್ನ ನೌಕರೀಗೆ ಏನೂ ಆಗ್ತಿದ್ದಿಲ್ಲ.”

“ಏನಂದ್ರಿ?”

“ಕೇಳೇ ಇಲ್ಲ ಅಂದೆ. ಮಾವನ್ನ ಕೇಳಿದೆ, ಗಂಡನ್ನ ಕೇಳಿದೆ, ಅಣ್ಣನ್ನ, ಊರ ಹಿರೇರ್ನ ಎಲ್ಲಾರ್ನೂ ಕೇಳಿದೆ. ಆಕಿ ಮುಂಜಾನೆದಿಂದ ಸಂಜೀತನಕ ನನ್ನ ಠಾಣೇದಾಗ ನಿಂತಿದ್ಲು, ಆಕೀನ್ನ ಒಂದ ಮಾತೂ ಕೇಳಿಲ್ಲ, ತಪ್ಪ ನಂದು, ಆಕೀದಲ್ಲ ಅಂದೆ. ಜಡ್ಜ್ ಸಾಹೇಬ್ರು ಇನ್ನೊಮ್ಮೆ ಹೇಳಸಿ ಬರಕೊಂಡ್ರು.”

ಖಾಕಿ ಹಾಕಿದ ಮನುಷ್ಯ ಕಟಕಟೆಯಲ್ಲಿ ನಿಂತು ತನ್ನ ಮೇಲೆ ತಾನೇ ಬರೆಸಿಕೊಂಡದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ.

“ಹೊರಗ ಬಂದ್ರ ವರಾಂಡಾದಾಗ ಇಬ್ಬರೂ ಕುಂತಿದ್ರು, ಬಾಳವ್ವ, ಚನ್ನವ್ವ” ಎಂದರು ಸಾಹೇಬರು. “ನಾ ಚನ್ನವ್ವಗ ಕೈ ಮುಗದೆ. ಆಕಿ ಎದ್ದ ನಿಂತ್ಲು. ಸೆರಗ ಹೊದ್ದಿದ್ದಿಲ್ಲ ವೈನಿ, ಮಾರಿ ಎತ್ತಿ ನನ್ನ ನೋಡಿ ಹೇಳಿದ್ಲು, ‘ನನಗ ಕೈ ಮುಗೀಬ್ಯಾಡ್ರಿ ಸಾಹೇಬ್ರ. ನಾಳೆ ನಿಮ್ಮ ಠಾಣೇಕ ಯಾವಾಕಿ ಆದ್ರೂ ಬಂದ್ರ ಮಂದೀನ್ನ ಹೊರಗ ಕಳಸ್ರಿ. ಆಕೀನ್ನ ಮೊದಲ ಕೇಳ್ರಿ.’”